ಅನ್ನನಾಳದಲ್ಲಿ ಕಪ್ಪು ಗಡ್ಡೆ: ಚರ್ಮದ ಕ್ಯಾನ್ಸರ್ ಎದೆಯೊಳಗೂ ಹುಟ್ಟುತ್ತದೆಯೇ? ವೈದ್ಯರು ಅದನ್ನು ಗುರುತಿಸುವುದು ಹೇಗೆ?

“ಅನ್ನ ನುಂಗುವಾಗ ಎದೆಯ ನಡುವೆ ಸಿಕ್ಕಿಕೊಂಡ ಹಾಗೆ ಆಗ್ತದೆ” ಎಂದು ಮನೆಯ ಹಿರಿಯರೊಬ್ಬರು ಹೇಳಿದರೆ ಸಾಕು, ಮಂಗಳೂರಿನ ಯಾವುದೇ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ಗ್ಯಾಸ್ಟ್ರಿಕ್ ಎಂದು ಒಬ್ಬರು, ಪಿತ್ತ ಎಂದು ಇನ್ನೊಬ್ಬರು. ಜೀರಿಗೆ ಕಷಾಯ, ಓಮದ ನೀರು, ಪುನರ್ಪುಳಿ ಶರಬತ್ತು ಎಲ್ಲವೂ ಸಾಲಾಗಿ ಬರುತ್ತವೆ. ನಡುವೆ ಎಲ್ಲಿಂದಲೋ ಬಂದ ಒಂದು ಫಾರ್ವರ್ಡ್ ಕೂಡ ಇರುತ್ತದೆ: “ಬಯಾಪ್ಸಿ ಮಾಡಿಸಬೇಡಿ, ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ.”

ಈ ಲೇಖನದಲ್ಲಿ ಹೇಳಹೊರಟಿರುವ ಕಾಯಿಲೆ ಬಹಳ ಅಪರೂಪದ್ದು. ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಅದು ಬರುವ ಸಾಧ್ಯತೆ ತೀರಾ ಕಡಿಮೆ. ಆದರೂ ಅದರ ಬಗ್ಗೆ ತಿಳಿದುಕೊಳ್ಳುವುದಕ್ಕೆ ಕಾರಣವಿದೆ. ಅದನ್ನು ಪತ್ತೆ ಹಚ್ಚುವ ದಾರಿ ಅರ್ಥವಾದರೆ, ನುಂಗಲು ಕಷ್ಟವಾದಾಗ ಏನು ಮಾಡಬೇಕು, ಬಯಾಪ್ಸಿ ಏಕೆ ಬೇಕು, ಒಂದೇ ಗಡ್ಡೆಗೆ ಇಷ್ಟೊಂದು ಪರೀಕ್ಷೆ ಏಕೆ ಎಂಬ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಚುಟುಕಾಗಿ ಹೇಳುವುದಾದರೆ

ಮೆಲನೋಮಾ ಎಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಹೆಚ್ಚಾಗಿ ಇದು ಚರ್ಮದಲ್ಲಿ ಕಾಣಿಸುತ್ತದೆ. ಆದರೆ ಅನ್ನನಾಳದ ಒಳಪದರದಲ್ಲೂ ಅಪರೂಪಕ್ಕೆ ಹುಟ್ಟಬಹುದು. ಇದನ್ನು ಖಚಿತಪಡಿಸಲು ಮೂರು ಹಂತ ಬೇಕು. ಎಂಡೋಸ್ಕೋಪಿಯಲ್ಲಿ ಗಡ್ಡೆಯನ್ನು ಕಣ್ಣಾರೆ ನೋಡುವುದು ಮೊದಲನೆಯದು. ಅದರ ಚೂರು ತೆಗೆದು ಪ್ರಯೋಗಾಲಯದಲ್ಲಿ ವಿಶೇಷ ಬಣ್ಣ ಹಾಕಿ ಪರೀಕ್ಷಿಸುವುದು ಎರಡನೆಯದು. ಈ ಗಡ್ಡೆ ಇಲ್ಲಿಯೇ ಹುಟ್ಟಿದ್ದೋ, ದೇಹದ ಬೇರೆ ಭಾಗದಿಂದ ಹರಡಿ ಬಂದದ್ದೋ ಎಂದು ತೀರ್ಮಾನಿಸುವುದು ಮೂರನೆಯದು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ರೋಗದ ಹೆಸರು ತಪ್ಪಬಹುದು. ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಬಿಸಿಲೇ ಬೀಳದ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಹೇಗೆ?

ನಮ್ಮ ಚರ್ಮ, ಕೂದಲು ಮತ್ತು ಕಣ್ಣಿಗೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳ ಹೆಸರು ಮೆಲನೋಸೈಟ್. ಮಗು ಗರ್ಭದಲ್ಲಿ ಬೆಳೆಯುವಾಗ ಈ ಕೋಶಗಳ ಮೂಲ, ಬೆನ್ನುಹುರಿ ರೂಪುಗೊಳ್ಳುವ ಜಾಗದ ಅಂಚಿನಲ್ಲಿರುತ್ತದೆ. ಅಲ್ಲಿಂದ ಅವು ದೇಹದ ಉದ್ದಗಲಕ್ಕೂ ಹೊರಡುತ್ತವೆ. ಹೆಚ್ಚಿನವು ಚರ್ಮಕ್ಕೆ ಸೇರುತ್ತವೆ. ಕೆಲವು ಕಣ್ಣಿಗೆ, ಒಳಕಿವಿಗೆ, ಮಿದುಳಿನ ಹೊದಿಕೆಗೆ ಹೋಗುತ್ತವೆ. ಬಾಯಿ, ಮೂಗು, ಗುದದ್ವಾರದಂತಹ ಜಾಗಗಳ ತೇವದ ಒಳಪದರದಲ್ಲೂ ನೆಲೆಸುತ್ತವೆ.

ಅನ್ನನಾಳದಲ್ಲಿ ಇವು ಇರುವುದಿಲ್ಲ ಎಂದೇ ಬಹುಕಾಲ ನಂಬಲಾಗಿತ್ತು. 1963ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 100 ಶವಪರೀಕ್ಷೆಗಳಲ್ಲಿ ಅನ್ನನಾಳವನ್ನು ನೋಡಿದಾಗ 4 ಜನರಲ್ಲಿ ಮೆಲನೋಸೈಟ್‌ಗಳು ಕಂಡುಬಂದವು. ಅಂದರೆ ಕೆಲವು ಆರೋಗ್ಯವಂತರ ಅನ್ನನಾಳದಲ್ಲೂ ಈ ಕೋಶಗಳು ತೆಪ್ಪಗೆ ಕುಳಿತಿರುತ್ತವೆ, ಯಾವ ತೊಂದರೆಯನ್ನೂ ಕೊಡುವುದಿಲ್ಲ. ಎಲ್ಲೋ ಒಬ್ಬರಲ್ಲಿ ಮಾತ್ರ ಅವು ಹದ್ದು ಮೀರಿ ಬೆಳೆದು ಕ್ಯಾನ್ಸರ್ ಆಗುತ್ತವೆ.

ಆದ್ದರಿಂದ ಇಲ್ಲಿ ಬಿಸಿಲಿನ ಪಾತ್ರವಿಲ್ಲ. ಸನ್‌ಸ್ಕ್ರೀನ್ ಹಚ್ಚಿಕೊಂಡು ಇದನ್ನು ತಡೆಯಲು ಸಾಧ್ಯವಿಲ್ಲ. ಯಾವುದೋ ಒಂದು ಆಹಾರದಿಂದ ಇದು ಬರುತ್ತದೆ ಎನ್ನುವುದಕ್ಕೂ ಆಧಾರವಿಲ್ಲ.

ಎಷ್ಟು ಅಪರೂಪ?

ಅನ್ನನಾಳದ ಕ್ಯಾನ್ಸರ್ ಬಂದ 1000 ಜನರಲ್ಲಿ ಒಬ್ಬರು ಅಥವಾ ಇಬ್ಬರಿಗೆ ಮಾತ್ರ ಅದು ಮೆಲನೋಮಾ ಆಗಿರುತ್ತದೆ. 1906ರಲ್ಲಿ ಇದನ್ನು ಮೊದಲ ಬಾರಿಗೆ ವೈದ್ಯಕೀಯ ಸಾಹಿತ್ಯದಲ್ಲಿ ವಿವರಿಸಲಾಯಿತು. ಅಂದಿನಿಂದ ಇಂದಿನವರೆಗೆ ಜಗತ್ತಿನಾದ್ಯಂತ ವರದಿಯಾದ ಪ್ರಕರಣಗಳನ್ನು ನೂರರ ಲೆಕ್ಕದಲ್ಲೇ ಎಣಿಸಬಹುದು. ಹೆಚ್ಚಾಗಿ 60 ವರ್ಷದ ಆಸುಪಾಸಿನವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ಜಾಸ್ತಿ ಕಾಣುತ್ತದೆ. ಅನ್ನನಾಳದ ನಡುಭಾಗ ಮತ್ತು ಕೆಳಭಾಗವೇ ಇದರ ಸಾಮಾನ್ಯ ಜಾಗ.

ಅಪರೂಪ ಎಂಬುದೇ ಇದರ ದೊಡ್ಡ ಸಮಸ್ಯೆ. ಜೀರ್ಣಾಂಗ ತಜ್ಞರೊಬ್ಬರು ಇಡೀ ವೃತ್ತಿಜೀವನದಲ್ಲಿ ಇಂತಹ ಒಂದೇ ಒಂದು ರೋಗಿಯನ್ನು ನೋಡದೆಯೂ ಇರಬಹುದು. ನೋಡದ ಕಾಯಿಲೆ ಮನಸ್ಸಿಗೆ ಹೊಳೆಯುವುದು ಕಷ್ಟ.

ಲಕ್ಷಣಗಳೇನು?

ಈ ಕಾಯಿಲೆಗೇ ಮೀಸಲಾದ ಲಕ್ಷಣ ಯಾವುದೂ ಇಲ್ಲ. ಅನ್ನನಾಳದ ಯಾವುದೇ ಗಡ್ಡೆ ಕೊಡುವ ತೊಂದರೆಯನ್ನೇ ಇದೂ ಕೊಡುತ್ತದೆ.

• ನುಂಗಲು ಕಷ್ಟ. ಮೊದಲು ಚಪಾತಿ, ಕೋರಿ ರೊಟ್ಟಿಯಂತಹ ಗಟ್ಟಿ ಪದಾರ್ಥ, ಆಮೇಲೆ ಕುಚ್ಚಲಕ್ಕಿ ಅನ್ನ, ಕೊನೆಗೆ ಗಂಜಿ, ನೀರೂ ಇಳಿಯದ ಸ್ಥಿತಿ.
• ಎದೆಮೂಳೆಯ ಹಿಂದೆ ನೋವು ಅಥವಾ ಒತ್ತಿದಂತಹ ಅನುಭವ.
• ಕಾರಣವಿಲ್ಲದೆ ತೂಕ ಇಳಿಯುವುದು.
• ರಕ್ತ ವಾಂತಿ, ಅಥವಾ ಟಾರಿನಂತೆ ಕಪ್ಪಗೆ, ಅಂಟಂಟಾಗಿ, ವಿಪರೀತ ದುರ್ವಾಸನೆಯಿಂದ ಕೂಡಿದ ಮಲ.
• ರಕ್ತಹೀನತೆ, ಸುಸ್ತು.

ಇಲ್ಲೊಂದು ಗೊಂದಲ ನಿವಾರಿಸಿಕೊಳ್ಳಬೇಕು. ಕಪ್ಪು ಮಲಕ್ಕೆ ವೈದ್ಯರು ಮೆಲೀನಾ ಎನ್ನುತ್ತಾರೆ. ಮೆಲನೋಮಾ ಎಂಬ ಹೆಸರೂ ಅದರಂತೆಯೇ ಕೇಳಿಸುತ್ತದೆ. ಎರಡೂ ಕಪ್ಪು ಎಂಬ ಅರ್ಥದ ಒಂದೇ ಗ್ರೀಕ್ ಪದದಿಂದ ಬಂದಿವೆ ಅಷ್ಟೆ. ಮಲ ಕಪ್ಪಾಗುವುದು ಗಡ್ಡೆಯ ಬಣ್ಣದಿಂದಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಸೋರಿದ ರಕ್ತ ಜೀರ್ಣವಾಗುವುದರಿಂದ. ಅಲ್ಸರ್‌ನಿಂದಲೂ ಹೀಗಾಗಬಹುದು. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದರಲ್ಲಿ ಗಾಬರಿಯಿಲ್ಲ. ಆದರೆ ಟಾರಿನಂತೆ ಅಂಟಾದ ಮಲ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮೊದಲ ಹೆಜ್ಜೆ: ಎಂಡೋಸ್ಕೋಪಿ

ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ಒಳಗಿನಿಂದ ನೋಡಲು ಇರುವ ಸರಿಯಾದ ದಾರಿ ಎಂಡೋಸ್ಕೋಪಿ. ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಬಾಯಿಯ ಮೂಲಕ ಇಳಿಸುತ್ತಾರೆ. ಪರೀಕ್ಷೆಗೆ ಮುನ್ನ ಕೆಲವು ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ. ಬೇಕಿದ್ದರೆ ಮಂಪರು ಬರುವ ಚುಚ್ಚುಮದ್ದು ಕೊಡುತ್ತಾರೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳ ಕೆಲಸ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಮೆಲನೋಮಾ ಆಗಿದ್ದರೆ ವೈದ್ಯರಿಗೆ ಕಾಣುವುದು ಸಾಮಾನ್ಯವಾಗಿ ನಾಳದೊಳಕ್ಕೆ ಚಾಚಿಕೊಂಡ, ಉಬ್ಬುತಗ್ಗಿನ ಗಡ್ಡೆ. ಬಣ್ಣ ಕಪ್ಪು, ಕಂದು, ನೀಲಿ ಅಥವಾ ಬೂದು ಇರಬಹುದು. ಸುತ್ತಮುತ್ತ ಸಣ್ಣ ಸಣ್ಣ ಕಪ್ಪು ಚುಕ್ಕೆಗಳೂ ಕಾಣಬಹುದು.

ಹಾಗಾದರೆ ಬಣ್ಣ ನೋಡಿಯೇ ಹೇಳಬಹುದಲ್ಲ? ಇಲ್ಲ. ಇದಕ್ಕೆ ಎರಡು ಕಾರಣ.

ಒಂದು, ಕಪ್ಪಾಗಿರುವುದೆಲ್ಲ ಮೆಲನೋಮಾ ಅಲ್ಲ. ರಕ್ತಸಂಚಾರ ಕುಂಠಿತವಾಗಿ ಅನ್ನನಾಳದ ಒಳಪದರ ಸತ್ತರೂ ಅದು ಕಪ್ಪಾಗುತ್ತದೆ. ಆಸಿಡ್‌ನಂತಹ ಸುಡುವ ದ್ರವ ಕುಡಿದವರಲ್ಲೂ ಕಪ್ಪು ಕಾಣುತ್ತದೆ. ಕ್ಯಾನ್ಸರ್ ಅಲ್ಲದ, ಬರೀ ಮೆಲನೋಸೈಟ್‌ಗಳು ಗುಂಪುಗೂಡಿದ ಚುಕ್ಕೆಗಳೂ ಇರುತ್ತವೆ.

ಎರಡು, ಮೆಲನೋಮಾ ಎಲ್ಲವೂ ಕಪ್ಪಾಗಿರುವುದಿಲ್ಲ. ಕೆಲವು ಗಡ್ಡೆಗಳ ಕೋಶಗಳು ಮೆಲನಿನ್ ತಯಾರಿಸುವುದನ್ನು ಬಹುಪಾಲು ನಿಲ್ಲಿಸಿರುತ್ತವೆ. ಅವು ಗುಲಾಬಿ ಅಥವಾ ಬಿಳಿಚಾಗಿ, ಬೇರೆ ಯಾವುದೇ ಕ್ಯಾನ್ಸರ್‌ನಂತೆಯೇ ಕಾಣುತ್ತವೆ. ವೈದ್ಯರು ಹೆಚ್ಚು ಎಡವುವುದು ಇಲ್ಲೇ.

ಎರಡನೇ ಹೆಜ್ಜೆ: ಬಯಾಪ್ಸಿ

ಎಂಡೋಸ್ಕೋಪಿಯ ಕೊಳವೆಯ ಮೂಲಕವೇ ಪುಟ್ಟ ಚಿಮುಟ ಇಳಿಸಿ, ಗಡ್ಡೆಯ ಬೇರೆ ಬೇರೆ ಕಡೆಯಿಂದ ಚೂರುಗಳನ್ನು ತೆಗೆಯುತ್ತಾರೆ. ಒಂದೊಂದು ಚೂರು ಕೆಲವೇ ಮಿಲಿಮೀಟರ್ ಗಾತ್ರದ್ದು. ಒಂದೇ ಚೂರು ಸಾಲದು. ಏಕೆಂದರೆ ಗಡ್ಡೆಯ ಮೇಲ್ಭಾಗ ಹುಣ್ಣಾಗಿ ಸತ್ತಿರಬಹುದು, ಅಥವಾ ಅದರ ಮೇಲೆ ಮಾಮೂಲಿ ಒಳಪದರ ಹೊದ್ದುಕೊಂಡಿರಬಹುದು. ಅಂತಹ ಕಡೆಯಿಂದ ಚೂರು ತೆಗೆದರೆ “ಕ್ಯಾನ್ಸರ್ ಕಾಣಿಸಲಿಲ್ಲ” ಎಂಬ ವರದಿ ಬರುತ್ತದೆ. ಕಣ್ಣಿಗೆ ಗಡ್ಡೆ ಕಾಣುತ್ತಿದ್ದು ವರದಿ ಮಾತ್ರ ಸರಿಯಿದ್ದರೆ, ವೈದ್ಯರು ಮತ್ತೊಮ್ಮೆ ಬಯಾಪ್ಸಿ ಮಾಡಬೇಕು ಎನ್ನುವುದು ಇದೇ ಕಾರಣಕ್ಕೆ. ಅದು ದುಡ್ಡು ಮಾಡುವ ಉಪಾಯವಲ್ಲ.

ಈ ಚೂರುಗಳನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದ ಅಚ್ಚಿನಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕತ್ತರಿಸಿ ಗಾಜಿನ ಸ್ಲೈಡ್ ಮೇಲೆ ಇಡುತ್ತಾರೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವವರು ಪೆಥಾಲಜಿಸ್ಟ್. ರೋಗಿ ಅವರ ಮುಖವನ್ನೇ ನೋಡಿರುವುದಿಲ್ಲ. ಆದರೆ ರೋಗಕ್ಕೆ ಹೆಸರಿಡುವವರು ಅವರೇ.

ಕೋಶಗಳಲ್ಲಿ ಕಂದು ಬಣ್ಣದ ಮೆಲನಿನ್ ಕಣಗಳು ಸ್ಪಷ್ಟವಾಗಿ ಕಂಡರೆ ಕೆಲಸ ಸುಲಭ. ಕಾಣದಿದ್ದರೆ? ಮೆಲನೋಮಾ ವೇಷ ಹಾಕುವುದರಲ್ಲಿ ಎತ್ತಿದ ಕೈ. ಸಾಮಾನ್ಯ ಅನ್ನನಾಳದ ಕ್ಯಾನ್ಸರ್, ಲಿಂಫೋಮಾ, ಸಾರ್ಕೋಮಾ, ಹೀಗೆ ಯಾವುದರಂತೆ ಬೇಕಾದರೂ ಕಾಣಬಲ್ಲದು. ಹಿಂದಿನ ಹಲವು ಪ್ರಕರಣಗಳಲ್ಲಿ ಮೊದಲ ಬಯಾಪ್ಸಿ ವರದಿ ಬೇರೆ ಕ್ಯಾನ್ಸರ್ ಎಂದು ಬಂದು, ಶಸ್ತ್ರಚಿಕಿತ್ಸೆಯಾದ ಮೇಲಷ್ಟೇ ಮೆಲನೋಮಾ ಎಂದು ತಿಳಿದದ್ದಿದೆ.

ಕೋಶದ ಗುರುತುಚೀಟಿ

ಇಲ್ಲಿ ನೆರವಿಗೆ ಬರುವುದು ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಆಸ್ಪತ್ರೆಯ ಬಿಲ್ಲಿನಲ್ಲಿ ಐಎಚ್‌ಸಿ ಎಂದಿರುತ್ತದೆ. ಪ್ರತಿಯೊಂದು ಬಗೆಯ ಕೋಶದಲ್ಲೂ ಅದಕ್ಕೇ ವಿಶಿಷ್ಟವಾದ ಕೆಲವು ಪ್ರೋಟೀನ್‌ಗಳಿರುತ್ತವೆ. ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಸ್ಲೈಡ್ ಮೇಲೆ ಹಾಕಿದರೆ, ಆ ಪ್ರೋಟೀನ್ ಇರುವ ಕೋಶಗಳಷ್ಟೇ ಬಣ್ಣ ತಳೆಯುತ್ತವೆ. ಕೋಶ ಎಷ್ಟೇ ವೇಷ ಹಾಕಿದ್ದರೂ ಅದರ ಗುರುತುಚೀಟಿ ಕೈಗೆ ಸಿಕ್ಕಂತೆ.

ಮೆಲನೋಮಾ ಸಂಶಯವಿದ್ದಾಗ ನೋಡುವ ಮುಖ್ಯ ಗುರುತುಗಳು ಎಸ್-100, ಸಾಕ್ಸ್-10, ಎಚ್‌ಎಂಬಿ-45 ಮತ್ತು ಮೆಲಾನ್-ಎ. ಎಸ್-100 ಹೆಚ್ಚುಕಡಿಮೆ ಎಲ್ಲ ಮೆಲನೋಮಾಗಳಲ್ಲೂ ಬಣ್ಣ ತಳೆಯುತ್ತದೆ, ಆದರೆ ಬೇರೆ ಕೆಲವು ಗಡ್ಡೆಗಳಲ್ಲೂ ತಳೆಯುತ್ತದೆ. ಎಚ್‌ಎಂಬಿ-45 ಮತ್ತು ಮೆಲಾನ್-ಎ ಹೆಚ್ಚು ನಿರ್ದಿಷ್ಟ. ಆದ್ದರಿಂದ ಒಂದನ್ನೇ ನಂಬದೆ ಹಲವನ್ನು ಒಟ್ಟಿಗೆ ನೋಡುತ್ತಾರೆ. ಜೊತೆಗೆ ಸಾಮಾನ್ಯ ಅನ್ನನಾಳ ಕ್ಯಾನ್ಸರಿನ ಗುರುತಾದ ಕೆರಾಟಿನ್, ಲಿಂಫೋಮಾದ ಗುರುತಾದ ಸಿಡಿ-45 ಬಣ್ಣ ತಳೆಯುತ್ತಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳುತ್ತಾರೆ.

ಇದರಲ್ಲೂ ಒಂದು ತೊಡಕಿದೆ. ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣವೂ ಕಂದು, ಮೆಲನಿನ್ ಕೂಡ ಕಂದು. ಮೆಲನಿನ್ ತುಂಬಿದ ಗಡ್ಡೆಯಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಆಗ ಪ್ರಯೋಗಾಲಯದವರು ಮೊದಲು ಮೆಲನಿನ್ ಬಣ್ಣವನ್ನು ಬ್ಲೀಚ್ ಮಾಡಿ ತೆಗೆಯುತ್ತಾರೆ, ಅಥವಾ ಕಂದಿನ ಬದಲು ಕೆಂಪು ಬಣ್ಣ ಬರುವ ವಿಧಾನ ಬಳಸುತ್ತಾರೆ. ವರದಿ ಬರಲು ಒಂದು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುವುದು ಇಂತಹ ಕೆಲಸಗಳಿಂದಲೇ.

ಮೂರನೇ ಹೆಜ್ಜೆ: ಇಲ್ಲಿ ಹುಟ್ಟಿದ್ದೋ, ವಲಸೆ ಬಂದದ್ದೋ?

ಮೆಲನೋಮಾ ಎಂದು ಗೊತ್ತಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಚರ್ಮದಲ್ಲಿ ಹುಟ್ಟಿದ ಮೆಲನೋಮಾ ಕೂಡ ಅನ್ನನಾಳಕ್ಕೆ ಹರಡಬಹುದು. ಆದ್ದರಿಂದ ವೈದ್ಯರು ರೋಗಿಯನ್ನು ನೆತ್ತಿಯಿಂದ ಅಂಗಾಲಿನವರೆಗೆ ಪರೀಕ್ಷಿಸುತ್ತಾರೆ. ತಲೆಕೂದಲಿನ ನಡುವೆ, ಉಗುರಿನ ಕೆಳಗೆ, ಅಂಗೈ, ಅಂಗಾಲು, ಬಾಯಿ, ಗುದದ್ವಾರ, ಜನನಾಂಗ ಎಲ್ಲವನ್ನೂ ನೋಡುತ್ತಾರೆ. ಕಣ್ಣಿನ ವೈದ್ಯರಿಂದ ಕಣ್ಣಿನ ಒಳಭಾಗದ ತಪಾಸಣೆಯೂ ಆಗುತ್ತದೆ. “ಗಂಟಲಿಗೆ ತೊಂದರೆ ಎಂದರೆ ಕಾಲು ಯಾಕೆ ನೋಡುತ್ತಾರೆ?” ಎಂದು ಮುಜುಗರಪಡಬೇಕಾಗಿಲ್ಲ. ವರ್ಷಗಳ ಹಿಂದೆ ತೆಗೆಸಿದ ಮಚ್ಚೆ ಅಥವಾ ಗಂಟು ಇದ್ದರೆ ಅದನ್ನೂ ತಪ್ಪದೆ ಹೇಳಬೇಕು.

ಇದರ ಜೊತೆಗೆ ಸೂಕ್ಷ್ಮದರ್ಶಕದಲ್ಲಿ ಒಂದು ಮುಖ್ಯ ಸುಳಿವು ಸಿಗುತ್ತದೆ. ಗಡ್ಡೆಯ ಪಕ್ಕದ ಒಳಪದರದ ತಳದಲ್ಲಿ ಅಸಹಜ ಮೆಲನೋಸೈಟ್‌ಗಳು ಸಾಲುಗಟ್ಟಿದ್ದರೆ, ಕ್ಯಾನ್ಸರ್ ಅಲ್ಲಿಂದಲೇ ಮೊಳೆತಿದೆ ಎಂದರ್ಥ. 1953ರಲ್ಲಿ ಆಲನ್ ಮತ್ತು ಸ್ಪಿಟ್ಜ್ ಎಂಬ ಇಬ್ಬರು ರೋಗವಿಜ್ಞಾನಿಗಳು ವಿವರಿಸಿದ ಈ ಮಾನದಂಡ ಇಂದಿಗೂ ಬಳಕೆಯಲ್ಲಿದೆ. ಆದರೆ ಗಡ್ಡೆ ದೊಡ್ಡದಾಗಿ ಬೆಳೆದು ಹುಣ್ಣಾದರೆ ಈ ಸುಳಿವು ಅಳಿಸಿಹೋಗಬಹುದು. ಚಿಮುಟದಲ್ಲಿ ತೆಗೆದ ಪುಟ್ಟ ಚೂರಿನಲ್ಲಿ ಅದು ಸಿಗದೆಯೂ ಇರಬಹುದು.

ಸಿಟಿ ಸ್ಕ್ಯಾನ್ ಅಥವಾ ಪೆಟ್-ಸಿಟಿ ಸ್ಕ್ಯಾನ್ ಮಾಡುವುದು ರೋಗ ಶ್ವಾಸಕೋಶ, ಯಕೃತ್ತು, ದುಗ್ಧಗ್ರಂಥಿಗಳಿಗೆ ಹರಡಿದೆಯೇ ಎಂದು ತಿಳಿಯಲು. ಎಂಡೋಸ್ಕೋಪಿ ಕೊಳವೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಸಾಧನದಿಂದ ಗಡ್ಡೆ ಅನ್ನನಾಳದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆಯಬಹುದು. ಸ್ಕ್ಯಾನ್ ಎಷ್ಟೇ ಆಧುನಿಕವಾಗಿದ್ದರೂ ಗಡ್ಡೆಯ ಜಾತಿಯನ್ನು ಹೇಳಲಾರದು. ಅದಕ್ಕೆ ಬಯಾಪ್ಸಿಯೇ ಬೇಕು.

ಹೆಸರು ತಪ್ಪಿದರೆ ಏನಾಗುತ್ತದೆ?

ನಮ್ಮ ದೇಶದಲ್ಲಿ ಅನ್ನನಾಳದ ಕ್ಯಾನ್ಸರ್ ಎಂದರೆ ಹೆಚ್ಚಾಗಿ ಸ್ಕ್ವಾಮಸ್ ಕೋಶಗಳದ್ದು. ಅದಕ್ಕೆ ಕಿಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆ ಒಟ್ಟಿಗೆ ಕೊಟ್ಟರೆ ಒಳ್ಳೆಯ ಪರಿಣಾಮ ಸಿಗುತ್ತದೆ. ಮೆಲನೋಮಾ ಅದೇ ಚಿಕಿತ್ಸೆಗೆ ಅಷ್ಟಾಗಿ ಬಗ್ಗುವುದಿಲ್ಲ. ಹರಡದೆ ಇದ್ದರೆ ಅನ್ನನಾಳದ ಭಾಗವನ್ನು ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಮುಖ್ಯ ದಾರಿ. ಹರಡಿದ್ದರೆ ದೇಹದ ರೋಗನಿರೋಧಕ ಶಕ್ತಿಗೆ ಹಾಕಿದ ಬ್ರೇಕ್ ತೆಗೆಯುವ ಇಮ್ಯುನೋಥೆರಪಿ ಔಷಧಗಳಿವೆ. ಈ ಬ್ರೇಕ್‌ನ ರಹಸ್ಯ ಬಿಡಿಸಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗಡ್ಡೆಯಲ್ಲಿ ಕಿಟ್ ಅಥವಾ ಬ್ರಾಫ್ ಎಂಬ ಜೀನ್‌ಗಳಲ್ಲಿ ಬದಲಾವಣೆ ಇದೆಯೇ ಎಂದು ನೋಡುವುದೂ ಉಂಟು. ಇದ್ದರೆ ಅದಕ್ಕೆ ಹೊಂದುವ ಮಾತ್ರೆಗಳಿವೆ.

ನಿಜ ಹೇಳಬೇಕೆಂದರೆ ಇದು ಕ್ರೂರ ಕಾಯಿಲೆ. ಬಹುಪಾಲು ಜನರಲ್ಲಿ ಪತ್ತೆಯಾಗುವ ಹೊತ್ತಿಗೆ ಮುಂದುವರಿದಿರುತ್ತದೆ. ಹಳೆಯ ವರದಿಗಳಲ್ಲಿ ಹೆಚ್ಚಿನವರು ಬದುಕಿದ್ದು ಒಂದು ವರ್ಷದ ಆಸುಪಾಸು. ಬೇಗ ಪತ್ತೆಯಾಗಿ ಶಸ್ತ್ರಚಿಕಿತ್ಸೆಯಾದ ಕೆಲವರು ಹಲವು ವರ್ಷ ಚೆನ್ನಾಗಿ ಬದುಕಿದ್ದೂ ಉಂಟು. ಹಾಗಾಗಿ ಕಷಾಯದಲ್ಲಿ ಕಳೆದ ಮೂರು ತಿಂಗಳು ಬರೀ ಮೂರು ತಿಂಗಳಲ್ಲ.

ಫಾರ್ವರ್ಡ್ ಮಾತು ಮತ್ತು ವಾಸ್ತವ

“ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ.”
ತಪ್ಪು. ಎಂಡೋಸ್ಕೋಪಿಯಲ್ಲಿ ಚೂರು ತೆಗೆಯುವುದು ದಿನನಿತ್ಯ ನಡೆಯುವ, ಬಹುಮಟ್ಟಿಗೆ ಸುರಕ್ಷಿತ ವಿಧಾನ. ಬಯಾಪ್ಸಿ ಆದ ಮೇಲೆ ರೋಗ ಜಾಸ್ತಿಯಾದಂತೆ ಅನ್ನಿಸುವುದು, ಅದು ಮೊದಲೇ ಮುಂದುವರಿದಿರುತ್ತದೆ ಎಂಬ ಕಾರಣಕ್ಕೆ. ಬಯಾಪ್ಸಿ ಬಿಟ್ಟರೆ ಆಗುವ ಹಾನಿ ನಿಶ್ಚಿತ.

“ಮೆಲನೋಮಾ ಬಿಳಿಯರ ಕಾಯಿಲೆ, ನಮಗೆ ಬರುವುದಿಲ್ಲ.”
ಅರ್ಧ ಸತ್ಯ. ಬಿಸಿಲಿನಿಂದ ಬರುವ ಚರ್ಮದ ಮೆಲನೋಮಾ ಬಿಳಿ ಚರ್ಮದವರಲ್ಲಿ ಜಾಸ್ತಿ. ನಮ್ಮಂತಹವರಲ್ಲಿ ಅದು ಅಂಗಾಲು, ಅಂಗೈ, ಉಗುರಿನ ಕೆಳಗೆ ಮತ್ತು ದೇಹದ ಒಳಪದರಗಳಲ್ಲಿ ಕಾಣಿಸುವ ಪ್ರಮಾಣ ಹೆಚ್ಚು. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನಲ್ಲಿ ಹುಟ್ಟಿದ ಮೆಲನೋಮಾದಿಂದ.

“ಒಂದು ರಕ್ತ ಪರೀಕ್ಷೆಯಲ್ಲಿ ಎಲ್ಲ ಕ್ಯಾನ್ಸರ್ ಗೊತ್ತಾಗುತ್ತದೆ.”
ತಪ್ಪು. ಅನ್ನನಾಳದ ಮೆಲನೋಮಾವನ್ನು ರಕ್ತ ಪರೀಕ್ಷೆಯಿಂದ ಪತ್ತೆ ಹಚ್ಚಲಾಗದು.

“ಅಡಿಕೆ ತಿನ್ನದವರಿಗೆ ಅನ್ನನಾಳದ ಕ್ಯಾನ್ಸರ್ ಬರುವುದಿಲ್ಲ.”
ತಪ್ಪು. ಮೆಲನೋಮಾಕ್ಕೂ ಅಡಿಕೆಗೂ ಸಂಬಂಧ ಸಾಬೀತಾಗಿಲ್ಲ, ತಿನ್ನದವರಿಗೂ ಬರಬಹುದು. ಹಾಗೆಂದು ಅಡಿಕೆ ನಿರಪಾಯ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಸಾಮಾನ್ಯ ಅನ್ನನಾಳ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅಡಿಕೆ ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಅನ್ನ ಎಂಬುದು ನಿಜ, ಆದರೆ ಬೆಳೆಯುವುದು ಬೇರೆ, ಜಗಿಯುವುದು ಬೇರೆ. ಅದೇ ಸಂಸ್ಥೆ 2016ರಲ್ಲಿ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನೂ ಬಹುಶಃ ಕ್ಯಾನ್ಸರ್‌ಕಾರಕ ಎಂದು ಗುರುತಿಸಿತು. ಚಹಾ ಸ್ವಲ್ಪ ಆರಿಸಿ ಕುಡಿದರೆ ನಷ್ಟವೇನಿಲ್ಲ.

ಮಂಗಳೂರಿನಲ್ಲಿ ಎಲ್ಲಿಗೆ ಹೋಗಬಹುದು, ಕೈಯಲ್ಲಿ ಏನಿರಬೇಕು?

ಈ ವಿಷಯದಲ್ಲಿ ಮಂಗಳೂರಿನವರು ಅದೃಷ್ಟವಂತರು. 1848ರಷ್ಟು ಹಿಂದೆ ಆರಂಭವಾದ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಹಂಪನಕಟ್ಟೆಯ ಹತ್ತಿರವೇ ಇದೆ. ಕಂಕನಾಡಿಯಲ್ಲಿ 1880ರಲ್ಲಿ ಶುರುವಾದ ಫಾದರ್ ಮುಲ್ಲರ್ ಸಂಸ್ಥೆ, ಅತ್ತಾವರದ ಕೆಎಂಸಿ, ಕುಂಟಿಕಾನದ ಎ.ಜೆ., ದೇರಳಕಟ್ಟೆಯ ಯೆನೆಪೋಯ ಮತ್ತು ಕೆ.ಎಸ್. ಹೆಗ್ಡೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಇವೆ. ಕಾಸರಗೋಡು, ಉಡುಪಿ, ಕೊಡಗಿನಿಂದಲೂ ಜನ ಇಲ್ಲಿಗೆ ಬರುತ್ತಾರೆ. ರಾಜ್ಯ ಮಟ್ಟದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇದೆ.

ವೆಚ್ಚದ ಭಯವಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ. 30ರಂತೆ 1.5 ಲಕ್ಷ ರೂಪಾಯಿವರೆಗೆ ನೆರವಿದೆ. ಹಲವು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ, ಖಾಸಗಿ ಆಸ್ಪತ್ರೆಗೆ ಸೇರುವ ಮುನ್ನವೇ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಹೆಚ್ಚಿನವರು ವರದಿಯ ಕಾಗದ ಮಾತ್ರ ಒಯ್ಯುತ್ತಾರೆ. ಅದು ಸಾಲದು. ಬಯಾಪ್ಸಿ ಮಾಡಿದ ಪ್ರಯೋಗಾಲಯದಲ್ಲಿ ಗಾಜಿನ ಸ್ಲೈಡ್‌ಗಳು ಮತ್ತು ಚೂರು ಹುದುಗಿಸಿದ ಮೇಣದ ಬ್ಲಾಕ್ ಇರುತ್ತವೆ. ಲಿಖಿತವಾಗಿ ಕೇಳಿ, ಅವನ್ನು ಪಡೆದುಕೊಳ್ಳಿ. ಬ್ಲಾಕ್ ಇದ್ದರೆ ಎರಡನೇ ಪೆಥಾಲಜಿಸ್ಟ್ ಅದೇ ಚೂರಿನಿಂದ ಹೊಸ ಪರೀಕ್ಷೆ ಮಾಡಬಹುದು, ರೋಗಿಗೆ ಮತ್ತೆ ಎಂಡೋಸ್ಕೋಪಿ ಮಾಡಿಸುವ ಕಷ್ಟ ಎಷ್ಟೋ ಬಾರಿ ತಪ್ಪುತ್ತದೆ. ಬ್ಲಾಕ್ ಅನ್ನು ಬಿಸಿಲು ಬೀಳುವ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕು:

1. ಬಯಾಪ್ಸಿಯಲ್ಲಿ ಯಾವ ಬಗೆಯ ಕ್ಯಾನ್ಸರ್ ಎಂದು ಖಚಿತವಾಗಿದೆಯೇ?
2. ವರದಿಯಲ್ಲಿ ಅನುಮಾನದ ಮಾತು ಇದ್ದರೆ ಐಎಚ್‌ಸಿ ಮಾಡಲಾಗಿದೆಯೇ?
3. ಇದು ಇಲ್ಲೇ ಹುಟ್ಟಿದ್ದೇ, ಬೇರೆಡೆಯಿಂದ ಬಂದದ್ದೇ?
4. ಚಿಕಿತ್ಸೆ ಶುರು ಮಾಡುವ ಮುನ್ನ ಎರಡನೇ ಅಭಿಪ್ರಾಯ ಪಡೆಯಬಹುದೇ?

ಇದನ್ನು ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಹಂಚಿಕೊಳ್ಳುವುದಾದರೆ ಇಷ್ಟನ್ನು ಹಂಚಿಕೊಳ್ಳಿ

• ನುಂಗುವ ಕಷ್ಟ ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ, ಅಥವಾ ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರನ್ನು ಕಾಣಿ.
• ನುಂಗುವ ಕಷ್ಟದ ಜೊತೆ ತೂಕ ಇಳಿಯುತ್ತಿದ್ದರೆ, ರಕ್ತ ವಾಂತಿಯಾದರೆ ಅಥವಾ ಟಾರಿನಂತಹ ಮಲ ಕಂಡರೆ ಒಂದು ದಿನವೂ ತಡ ಮಾಡಬೇಡಿ.
• ಹೆಚ್ಚಿನ ಸಲ ಕಾರಣ ಕ್ಯಾನ್ಸರ್ ಆಗಿರುವುದಿಲ್ಲ. ಆಸಿಡ್‌ನಿಂದಾದ ಉರಿಯೂತ, ನಾಳ ಕಿರಿದಾಗಿರುವುದು, ಸ್ನಾಯುಗಳ ತೊಂದರೆ, ಹೀಗೆ ವಾಸಿಯಾಗುವ ಕಾರಣಗಳೇ ಹೆಚ್ಚು. ಅದನ್ನು ತಿಳಿಯಲೂ ಎಂಡೋಸ್ಕೋಪಿಯೇ ದಾರಿ.
• ಬಯಾಪ್ಸಿ ಬೇಡ ಎನ್ನುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.

ಈ ಲೇಖನ ಮಾಹಿತಿಗಾಗಿ ಮಾತ್ರ. ಇದನ್ನು ಓದಿ ನೀವೇ ರೋಗ ನಿರ್ಧರಿಸಿಕೊಳ್ಳಬೇಡಿ. ನಿಮ್ಮ ತೊಂದರೆಗೆ ವೈದ್ಯರ ಸಲಹೆಯೇ ಅಂತಿಮ.